ತೋರಿಸಿದ ಬೆರಳಿನ ಪ್ರಶ್ನೆ

ಹಕ್ಕಿಗಳಿಗೆ ಜಾತಿ ಇಲ್ಲ ಎಂದು ನಮ್ಮ ಕವಿಗಳು ತಲೆಮಾರುಗಳಿಂದ ಬರೆಯುತ್ತ ಬಂದಿದ್ದಾರೆ. ಇದು ಅರ್ಧ ಸುಳ್ಳು. ಹಕ್ಕಿಗೆ ಜಾತಿ ಇಲ್ಲದಿರಬಹುದು, ಹಕ್ಕಿಯ ಹೆಸರಿಗೆ ಇದೆ. ನಮ್ಮ ತಲೆಯ ಮೇಲೆ ಸುತ್ತುವ ಎರಡು ಹದ್ದುಗಳನ್ನೇ ನೋಡಿರಿ. ಒಂದರ ತಲೆ, ಎದೆ ಬಿಳಿ, ಬೆನ್ನು ಕೆಂಗಂದು. ಕನ್ನಡದಲ್ಲಿ ಅದು ಗರುಡ, ಇಂಗ್ಲಿಷಿನಲ್ಲಿ ಬ್ರಾಹ್ಮಿಣಿ ಕೈಟ್. ಇನ್ನೊಂದರ ಮೈಯೆಲ್ಲ ಮಣ್ಣಿನ ಬಣ್ಣ, ಬಾಲ ಕವಲು. ಊರ ತಿಪ್ಪೆ, ಸಂತೆ, ಕಸಾಯಿಖಾನೆಗಳ ಮೇಲೆ ಅದರ ತಿರುಗಾಟ. ಇಂಗ್ಲಿಷ್ ಪುಸ್ತಕಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಕರೆದದ್ದು ಪರಯಾ ಕೈಟ್ ಎಂದು. ಪರೈ ಎಂಬ ಚರ್ಮವಾದ್ಯ ಬಾರಿಸುವ ತಮಿಳು ದಲಿತರ ಜಾತಿಯ ಹೆಸರು ಇಂಗ್ಲಿಷಿಗೆ ಹೋಗಿ, 'ಎಲ್ಲರೂ ಹೊರಗಿಟ್ಟವನು' ಎಂಬ ಅರ್ಥ ಪಡೆದು, ಬೀದಿನಾಯಿಗೂ ಈ ಹದ್ದಿಗೂ ಅಂಟಿಕೊಂಡಿತು. ಸಲೀಂ ಅಲಿಯವರಂಥ ದೊಡ್ಡವರ ಪುಸ್ತಕದಲ್ಲೂ ಅದು ಹಾಗೆಯೇ ಇತ್ತು.

ತಮಾಷೆ ಏನಂದ್ರ, ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ೧೮೩೨ರಲ್ಲಿ ನಮ್ಮ ದಖನ್ನಿನ ಹಕ್ಕಿಗಳ ಪಟ್ಟಿ ಮಾಡಿದಾಗ ಇದೇ ತಿಪ್ಪೆಯ ಹದ್ದಿಗೆ ಶಾಸ್ತ್ರೀಯ ಹೆಸರು ಕೊಟ್ಟದ್ದು ಗೋವಿಂದ ಎಂದು. ಲ್ಯಾಟಿನ್ನಿನಲ್ಲಿ ಗೋವಿಂದ, ಇಂಗ್ಲಿಷಿನಲ್ಲಿ ಪರಯ! ಗರುಡವಾದರೂ ಏನು ತಿಂದು ಬದುಕುತ್ತದೆ? ಕೆರೆಯ ದಂಡೆಯಲ್ಲಿ ಸತ್ತ ಮೀನನ್ನು ಎತ್ತಿಕೊಂಡು ಹೋಗುತ್ತದೆ. ಸತ್ತದ್ದನ್ನು ತಿನ್ನುವವರು ಎಂದು ನಮ್ಮನ್ನು ಊರ ಹೊರಗೆ ಇಟ್ಟ ಸಮಾಜ, ಸತ್ತದ್ದನ್ನು ತಿನ್ನುವ ಬಿಳಿಯೆದೆಯ ಹಕ್ಕಿಯನ್ನು ಕಂಡು ಗಲ್ಲ ಬಡಿದುಕೊಳ್ಳುತ್ತದೆ.

ಇಂಗ್ಲಿಷಿನವರದಷ್ಟೇ ತಪ್ಪಲ್ಲ. ಬೇಲಿಯಲ್ಲಿ ನುಸುಳುವ, ಕೆಂಪು ಕಣ್ಣಿನ, ತುಕ್ಕುಬಣ್ಣದ ರೆಕ್ಕೆಯ ಹಕ್ಕಿ ಕನ್ನಡದಲ್ಲಿ ಕೆಂಬೂತ. ನವಿಲು ಕುಣಿಯಿತೆಂದು ತಾನೂ ಕುಣಿಯಹೋಗಿ ನಗೆಪಾಟಲಾದದ್ದು ಅದೇ. ಕೆಳಗಿನವನು ಮೇಲಿನವನ ಹಾಗೆ ಬಟ್ಟೆ ಉಟ್ಟರೆ ಇಂದಿಗೂ ಅವನ ಮುಖಕ್ಕೆ ಎಸೆಯುವ ಗಾದೆ ಇದು. ಔರಾದ ದಾಟಿ ಮಹಾರಾಷ್ಟ್ರದ ನೆಲ ತುಳಿದರೆ ಅದೇ ಕೆಂಬೂತ ಭಾರದ್ವಾಜ ಆಗುತ್ತದೆ. ಋಷಿಯ ಹೆಸರು, ಗೋತ್ರದ ಹೆಸರು! ಒಂದು ಗಡಿ ದಾಟಿದ್ದಕ್ಕೆ ಭೂತಕ್ಕೆ ಗೋತ್ರ ಸಿಕ್ಕಿತು. ನಮಗೆ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಇದನ್ನೆಲ್ಲ ಈಗ ಯಾಕೆ ಎತ್ತುತ್ತಿದ್ದೇನೆಂದರೆ, ಕಮಠಾಣದಲ್ಲಿ ನಾವು ನಾಲ್ಕೈದು ಮಂದಿ ಗೆಳೆಯರು, ಹೆಚ್ಚಿನವರು ಮನೆತನದಲ್ಲೇ ಮೊದಲ ಸಲ ಡಿಗ್ರಿ ಕಂಡವರು, ಬೀದರ್, ಭಾಲ್ಕಿ, ಔರಾದ ಸುತ್ತಿನ ಹಕ್ಕಿಗಳನ್ನು ಗುರುತು ಹಿಡಿಯಲು ನೆರವಾಗುವ ಒಂದು ಭಂಡಾರವನ್ನು ಅಂತರ್ಜಾಲದಲ್ಲಿ ಕಟ್ಟುತ್ತಿದ್ದೇವೆ. ಹಕ್ಕಿಗೊಂದು ಪುಟ. ಅದರಲ್ಲಿ ಫೋಟೊ, ದನಿ, ಯಾವ ತಿಂಗಳಲ್ಲಿ ಎಲ್ಲಿ ಕಂಡಿತು ಎಂಬ ವಿವರ. ಜೊತೆಗೆ ಈ ಗಡಿಸೀಮೆಯಲ್ಲಿ ಅದಕ್ಕಿರುವ ಎಲ್ಲ ಹೆಸರುಗಳು: ಕನ್ನಡ, ಮರಾಠಿ, ದಖನಿ, ತೆಲುಗು, ಲಂಬಾಣಿ. ನಮ್ಮ ಕಡೆ ಒಂದು ಗುಬ್ಬಿ ಮಾಡಿನಿಂದ ಮಾಡಿಗೆ ಹಾರುವಷ್ಟರಲ್ಲಿ ಚಿಮಣಿ ಆಗಿರುತ್ತದೆ. ಒಂದೇ ಓಣಿಯಲ್ಲಿ ಹದ್ದು, ಘಾರ, ಚೀಲ್ ಮೂರೂ ಹಾರುತ್ತವೆ, ಮೂರೂ ಒಂದೇ ಹಕ್ಕಿ.

ಇಂಥ ಕೆಲಸ ಹೊಸದಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ೨೦೦೨ರಲ್ಲಿ ಇ-ಬರ್ಡ್ ಶುರು ಮಾಡಿದರು. ಹಕ್ಕಿಗಳ ದನಿಗೆಂದೇ ಜೆನೊ-ಕಾಂಟೊ ಎಂಬ ಭಂಡಾರ ನೆದರ್‌ಲ್ಯಾಂಡ್ಸ್‌ನಲ್ಲಿ ೨೦೦೫ರಲ್ಲಿ ಹುಟ್ಟಿತು. ನಮ್ಮ ದೇಶದ ಜೀವವೈವಿಧ್ಯದ ಪೋರ್ಟಲ್ ೨೦೦೮ರದ್ದು. ಭಾರತದ ಹಕ್ಕಿಗಳ ಸ್ಥಿತಿ ಕುರಿತು ೨೦೨೩ರಲ್ಲಿ ಬಂದ ವರದಿ ನಿಂತಿರುವುದು ೩೦ ಸಾವಿರ ಮಂದಿ ಹಕ್ಕಿ ನೋಡುವವರು ಪುಕ್ಕಟೆ ಬರೆದುಕೊಟ್ಟ ಮೂರು ಕೋಟಿ ದಾಖಲೆಗಳ ಮೇಲೆ. ಅದು ೯೪೨ ಬಗೆಯ ಹಕ್ಕಿಗಳ ಲೆಕ್ಕ ಹೇಳುತ್ತದೆ. (ಬಗೆ ಎಂದು ಬೇಕೆಂದೇ ಬರೆದಿದ್ದೇನೆ. ಕನ್ನಡ ಪುಸ್ತಕಗಳು ಇಲ್ಲಿ ಜಾತಿ ಎಂದು ಬರೆಯುತ್ತವೆ. ಗುಬ್ಬಿಗೂ ಹದ್ದಿಗೂ ಇರುವ ಅಂತರವನ್ನು ಒಬ್ಬ ಮನುಷ್ಯನಿಗೂ ಇನ್ನೊಬ್ಬ ಮನುಷ್ಯನಿಗೂ ಇರುವ ಅಂತರದ ಮಾತಿನಲ್ಲಿ ಹೇಳುವ ಭಾಷೆ ನಮ್ಮದು.) ದುಡ್ಡಿಲ್ಲದೆ, ಒಡೆಯನಿಲ್ಲದೆ, ಸಾವಿರಾರು ಕೈ ಸೇರಿ ಕಟ್ಟಿದ ಇಂಥದ್ದನ್ನು ಕಂಡರೆ ನನಗೆ ನಿಜವಾಗಿಯೂ ಖುಷಿಯಾಗುತ್ತದೆ.

ಹದ್ದಿನ ಪುಟಕ್ಕೆ ಬಂದಾಗ ನಮ್ಮಲ್ಲಿ ಮೊದಲ ಜಗಳ ಆಯಿತು. ಈಗಿನ ಪಟ್ಟಿಗಳಲ್ಲಿ ಅದು ಬ್ಲ್ಯಾಕ್ ಕೈಟ್, ಕರಿಹದ್ದು. ಬ್ರಾಹ್ಮಿಣಿ ಕೈಟ್ ಮಾತ್ರ ಇಂದಿಗೂ ಬ್ರಾಹ್ಮಿಣಿಯೇ. ಹಳೆಯ ಬೈಗುಳದ ಹೆಸರನ್ನು ಪುಟದಿಂದ ಅಳಿಸಬೇಕೆ, ಇಡಬೇಕೆ? ಅಮೆರಿಕದಲ್ಲೂ ಇಂಥದೇ ಚರ್ಚೆ ನಡೆದಿದೆ. ಗುಲಾಮಗಿರಿಯ ಪರ ಹೋರಾಡಿದ ಸೇನಾಧಿಕಾರಿಯ ಹೆಸರಿದ್ದ ಒಂದು ಹಕ್ಕಿಗೆ ೨೦೨೦ರಲ್ಲಿ ಬೇರೆ ಹೆಸರಿಟ್ಟರು. ಮನುಷ್ಯರ ಹೆಸರು ಹೊತ್ತ ತಮ್ಮ ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನೆಲ್ಲ ಬದಲಿಸುವುದಾಗಿ ೨೦೨೩ರ ನವೆಂಬರಿನಲ್ಲಿ ಅಲ್ಲಿನ ಪಕ್ಷಿಶಾಸ್ತ್ರಜ್ಞರ ಸಂಘ ಸಾರಿತು. ನಮ್ಮ ಗೆಳೆಯನೊಬ್ಬ, 'ಅಳಿಸಿ ಒಗೀರಿ, ನಮ್ಮ ಮಕ್ಕಳು ಯಾಕ ಓದಬೇಕು' ಎಂದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವಮಾನ ಮಾಡಿದವರಿಗೂ ಅಳಿಸುವುದೇ ಬೇಕಾಗಿದೆಯಲ್ಲ! ಕೇರಿಯ ಹಳೆಯ ಹೆಸರನ್ನು ಬೋರ್ಡಿನಿಂದ ತೆಗೆದು ನಗರ ಎಂದು ಬರೆಸಿ, ನೀರಿನ ಪೈಪನ್ನು ಮಾತ್ರ ಕೇರಿಯ ತನಕ ತರದ ಊರುಗಳನ್ನು ನಾವು ಕಂಡಿದ್ದೇವೆ. ಕಡೆಗೆ ತೀರ್ಮಾನವಾದದ್ದು ಇಷ್ಟು: ಪುಟದ ತಲೆಯ ಮೇಲೆ ಹದ್ದು. ಕೆಳಗೆ, ಹಳೆಯ ಹೆಸರುಗಳ ಸಾಲಿನಲ್ಲಿ, ಈ ಹೆಸರನ್ನು ಯಾರು ಎಷ್ಟು ಕಾಲ ಬಳಸಿದರು, ಅದರ ಅರ್ಥವೇನು ಎಂಬ ನಾಲ್ಕು ಸಾಲು. ಹುಣ್ಣನ್ನು ಹಣೆಯ ಮೇಲೆ ಹೊರಬೇಕಿಲ್ಲ, ಕಲೆಯನ್ನು ಉಜ್ಜಿ ತೆಗೆಯಲೂಬೇಕಿಲ್ಲ.

ಹಕ್ಕಿಗಳ ಹೆಸರಿನ ಜಗಳ ಸುಲಭದ್ದು. ಮನುಷ್ಯರ ಹೆಸರಿನ ಪ್ರಶ್ನೆ ಬಂದಾಗ ನಿಜವಾದ ಗಂಟು ಎದುರಾಯಿತು.

ಇಂಥ ಎಲ್ಲ ಭಂಡಾರಗಳ ಬಾಗಿಲ ಮೇಲೂ ಒಂದು ಮಾತು ಇರುತ್ತದೆ: ಯಾರು ಬೇಕಾದರೂ ಸೇರಬಹುದು. ಒಳ್ಳೆಯ ಮಾತು. ೧೯೨೩ರಲ್ಲಿ ಬೊಂಬಾಯಿ ಕೌನ್ಸಿಲ್ಲಿನಲ್ಲಿ ಬೋಲೆಯವರ ಠರಾವು ಪಾಸಾದಾಗಲೂ ಸಾರ್ವಜನಿಕ ಕೆರೆ, ಬಾವಿಗಳು ಅಸ್ಪೃಶ್ಯರಿಗೆ ತೆರೆದಿವೆ ಎಂದೇ ಕಾಗದದಲ್ಲಿ ಬರೆದಿತ್ತು. ಮಹಾಡದ ಚವದಾರ ಕೆರೆಯಲ್ಲಿ ದನ ನೀರು ಕುಡಿಯುತ್ತಿತ್ತು, ಹಕ್ಕಿ ಕುಡಿಯುತ್ತಿತ್ತು. ಮನುಷ್ಯರು ಇಳಿದು ಕುಡಿಯಲು ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರೇ ಮುಂದೆ ನಡೆಯಬೇಕಾಯಿತು, ಜನ ಏಟು ತಿನ್ನಬೇಕಾಯಿತು. ತೆರೆದಿದೆ ಎಂದು ಬರೆದರೆ ತೆರೆದ ಹಾಗಲ್ಲ. ದೂರದ ಹಕ್ಕಿಯನ್ನು ಹತ್ತಿರ ಎಳೆಯುವ ಲೆನ್ಸಿನ ಬೆಲೆ ನಮ್ಮ ಓಣಿಯ ಒಂದು ಮನೆಯ ವರ್ಷದ ಕೂಲಿ. ಫಾರಂ ಇಂಗ್ಲಿಷಿನಲ್ಲಿ. ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡ ಶಹರದವನು ಹೊಲದ ಬದುವಿನಲ್ಲಿ ನಿಂತರೆ ಹಕ್ಕಿ ನೋಡಲು ಬಂದ ಸಾಹೇಬ. ನಮ್ಮ ಹುಡುಗ ನಿಂತರೆ, 'ಯಾಂವಲೇ ಅಂವ, ಯಾನ್ ಕದಿಲಕ್ಕ ಬಂದಾನ?' ೨೦೨೦ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಕ್ಕಿ ನೋಡುತ್ತಿದ್ದ ಕ್ರಿಶ್ಚಿಯನ್ ಕೂಪರ್ ಎಂಬ ಕರಿಯ ಮನುಷ್ಯ, ನಾಯಿಗೆ ಹಗ್ಗ ಕಟ್ಟಿರಿ ಎಂದದ್ದಕ್ಕೆ ಬಿಳಿಯ ಹೆಂಗಸು ಪೋಲಿಸರಿಗೆ ಫೋನು ಮಾಡಿದಳು. ಅದನ್ನು ಓದಿದಾಗ ಆ ಪಾರ್ಕು ನನಗೆ ಬಹಳ ದೂರದ್ದು ಅನ್ನಿಸಲಿಲ್ಲ.

ಹಾಗಾದರೆ ಹಕ್ಕಿಗಳನ್ನು ಬಲ್ಲವರು ಯಾರು? ನಮ್ಮ ಆಯಿಗೆ ಅಕ್ಷರ ಬರುವುದಿಲ್ಲ. ಆದರೆ ಬಿಳಿಜೋಳ ಹಾಲುಗಾಳಿಗೆ ಬಂದಾಗ ಗೌಡರ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದ ಆಯುಷ್ಯ ಅವಳದು. 'ಗಿಣಿ ತೆನಿ ಕಡದು ಒಯ್ತದ. ಗುಬ್ಬಿ ಕುಂತಲ್ಲೇ ತಿಂತದ. ಬೆಳವ ನೆಲಕ್ಕ ಉದುರಿದ್ದು ಆರಸ್ತದ, ಅದಕ್ಕ ಕಲ್ಲು ಹೊಡಿಬಾರದು' ಎನ್ನುತ್ತಾಳೆ. ೧೯೩೪ರಲ್ಲಿ ಪೀಟರ್ಸನ್ ಎಂಬ ಅಮೆರಿಕನ್ ಚಿತ್ರಕಾರ, ಹಕ್ಕಿಯನ್ನು ಗುಂಡಿಕ್ಕಿ ಕೆಡವದೆ ದೂರದಿಂದಲೇ ಗುರುತು ಹಿಡಿಯಲು ಒಂದು ಕೈಪಿಡಿ ಮಾಡಿದ. ಅಲ್ಲಿಂದ ಲೋಕದಲ್ಲಿ ಹಕ್ಕಿ ನೋಡುವ ರೀತಿಯೇ ಬದಲಾಯಿತೆಂದು ಹೇಳುತ್ತಾರೆ. ನಮ್ಮ ಆಯಿಯಂಥವರು ಕೈಪಿಡಿ ಇಲ್ಲದೆ ಅದನ್ನೇ ಮಾಡಿದರು. ಒಂದು ವ್ಯತ್ಯಾಸ: ಅವರಿಗೆ ನೋಡುವುದು ಹವ್ಯಾಸವಲ್ಲ, ಕೂಲಿ. ತಪ್ಪು ಹಕ್ಕಿಯ ಹಿಂದೆ ಓಡಿದರೆ ತೆನೆ ಹೋಗುತ್ತದೆ, ತೆನೆ ಹೋದರೆ ಸಂಜೆಯ ಸೇರು ಜೋಳ ಹೋಗುತ್ತದೆ. ಬಿಸಿಲಿನಲ್ಲಿ ಬೆಂದು ಬಂದ ಈ ವಿದ್ಯೆಗೆ ಯಾವ ಪದವಿಯೂ ಇಲ್ಲ.

ಈಗ ಕಾನೂನು ನೋಡಿರಿ. ೧೯೫೭ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಎಂದರೆ ಫೋಟೊ ತೆಗೆದವನು. ಅಂತರ್ಜಾಲದ ಭಂಡಾರಗಳಲ್ಲಿ ಈಗ ಬಹಳ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳೂ 'ಬಳಸಿಕೊಳ್ಳಿ, ಹೆಸರು ಮಾತ್ರ ಹೇಳಿ' ಎನ್ನುತ್ತವೆ. ಯಾರ ಹೆಸರು? ಬಟನ್ ಒತ್ತಿದವನ ಹೆಸರು. 'ಅಗೋ, ಬನ್ನಿಗಿಡದ ಬುಡಕ್ಕ ಕುಂತದ ನೋಡ್ರಿ' ಎಂದು ಬೆರಳು ತೋರಿಸಿದವರು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಒತ್ತಿದ ಬೆರಳಿಗೆ ಹಕ್ಕಿದೆ, ತೋರಿಸಿದ ಬೆರಳಿಗೆ ಇಲ್ಲ.

ಇದು ಹಳೆಯ ಚಾಳಿ. ಕಾಂಗ್ರೆಸ್ಸಿನ ಸ್ಥಾಪಕ ಎಂದು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಎ.ಒ. ಹ್ಯೂಮ್ ತನ್ನ ಕಾಲದ ಮಹಾ ಪಕ್ಷಿಪ್ರೇಮಿ. ೧೮೭೦ರ ದಶಕದಲ್ಲಿ ಅವನು ಒಂದು ಪತ್ರಿಕೆ ನಡೆಸಿ, ದೇಶದ ಮೂಲೆ ಮೂಲೆಯ ಬ್ರಿಟಿಷ್ ಅಧಿಕಾರಿಗಳಿಂದ ಹಕ್ಕಿಗಳ ಸುದ್ದಿ ತರಿಸಿಕೊಂಡ. ಇಂದಿನ ಸಮುದಾಯದ ಭಂಡಾರಕ್ಕೆ ಅದನ್ನು ಅಜ್ಜ ಎನ್ನಬಹುದು. ೧೮೮೫ರಲ್ಲಿ ಚರ್ಮ, ಮೊಟ್ಟೆ ಎಲ್ಲ ಸೇರಿ ಸುಮಾರು ೮೦ ಸಾವಿರ ನಮೂನೆಗಳನ್ನು ಲಂಡನ್ನಿನ ಮ್ಯೂಜಿಯಮ್ಮಿಗೆ ಕೊಟ್ಟ. ೮೦ ಸಾವಿರವನ್ನು ಒಬ್ಬನೇ ಹಿಡಿದನೇ? ಹಿಡಿದವರು, ಸುಲಿದವರು, ಹುಲ್ಲು ತುಂಬಿ ಹೊಲಿದವರು ಯಾರು? ಹ್ಯೂಮನ ಕಥೆಯಲ್ಲಿ ಒಬ್ಬ ಆಳು ಮಾತ್ರ ಸಿಗುತ್ತಾನೆ. ಅವನು ಸಿಮ್ಲಾದ ಮನೆಯಿಂದ ಹ್ಯೂಮನ ಹಸ್ತಪ್ರತಿಗಳನ್ನು ರದ್ದಿಗೆ ಮಾರಿದವನು. ನಮ್ಮವರು ಇತಿಹಾಸದೊಳಗೆ ಬರುವುದು ಕಳ್ಳರಾದಾಗ ಮಾತ್ರ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಬಹಳ ಮೊದಲೇ ಕಂಡವರು ತೇಜಸ್ವಿ. 'ಕರ್ವಾಲೊ' ಬಂದದ್ದು ೧೯೮೦ರಲ್ಲಿ. ಅದರಲ್ಲಿ ಹಾರುವ ಓತಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಊರವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣ. ಕರ್ವಾಲೊ ಎಂಬ ವಿಜ್ಞಾನಿಯ ದೊಡ್ಡತನ ಇರುವುದು ಮಂದಣ್ಣನ ಕಣ್ಣನ್ನು ನಂಬಿದ್ದರಲ್ಲಿ. ಆದರೂ ಕಾದಂಬರಿಯ ಹೆಸರು 'ಮಂದಣ್ಣ' ಎಂದಲ್ಲ!

ಅದಕ್ಕೇ ನಮ್ಮ ಭಂಡಾರದಲ್ಲಿ ಪ್ರತಿ ಪುಟಕ್ಕೂ ಒಂದು ಹೊಸ ಸಾಲು ಸೇರಿಸಿದೆವು: ತೋರಿಸಿದವರು. ಫೋಟೊ ತೆಗೆದವನ ಹೆಸರಿಗಿಂತ ಮೊದಲು ಅದು. ಬೆಳವನ ಪುಟದಲ್ಲಿ ಆಯಿಯ ಹೆಸರು ಬಿತ್ತು. ಕೂಲಿಯ ಹಾಜರಿ ಪುಸ್ತಕ, ರೇಷನ್ ಕಾರ್ಡು, ಓಟಿನ ಪಟ್ಟಿ ಬಿಟ್ಟರೆ ಬೇರೆಲ್ಲೂ ಇಲ್ಲದ ಹೆಸರು ಅದು. ಓದಿ ಹೇಳಿದೆ. 'ನಂದೇನು ಅದರಾಗ' ಎಂದು ನಾಚಿಕೊಂಡಳು. ಆ ದಿನ ನನಗೆ ಗಂಟು ಬಿಚ್ಚಿತೆಂದೇ ಅನ್ನಿಸಿತ್ತು. ಹೆಸರು ಕಸಿದದ್ದು ಅನ್ಯಾಯ, ಹೆಸರು ಕೊಡುವುದು ನ್ಯಾಯ.

ಆದರೆ ಕೌಜುಗದ ಪುಟ ಉಳಿದಿತ್ತು. ಊರ ಹೊರಗೆ ರಸ್ತೆಯ ಬದಿಗೆ ಕೆಲವು ತಿಂಗಳು ಗುಡಾರ ಹಾಕುವ ಪಾರ್ಧಿ ಕುಟುಂಬಗಳಿವೆ. ಅವರಲ್ಲಿ ಒಬ್ಬ ಮುತ್ಯಾ. ಅಂಗೈ ಬಾಯಿಗೆ ಅಡ್ಡ ಹಿಡಿದು ಅವರು ಒಮ್ಮೆ ಕೌಜುಗನ ಕೂಗು ಕೂಗಿದರು. ಪಕ್ಕದ ತೊಗರಿ ಹೊಲದಿಂದ ಎರಡು ಹಕ್ಕಿ ಉತ್ತರ ಕೊಟ್ಟವು. ನಮ್ಮ ಗೆಳೆಯನ ಫೋನಿನಲ್ಲಿ ಮರ್ಲಿನ್ ಎಂಬ ಆ್ಯಪ್ ಇತ್ತು. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಯಂತ್ರವಿದ್ಯೆ ಅದು, ಕಾರ್ನೆಲ್‌ನವರದೇ. ಮುತ್ಯಾ ಕೂಗಿದ್ದಕ್ಕೂ ಅದು ಕೌಜುಗ ಎಂದೇ ತೋರಿಸಿತು! ಲಕ್ಷಾಂತರ ದನಿ ಕೇಳಿ ಕಲಿತ ಯಂತ್ರವೂ ಆ ಗಂಟಲಿನ ಮುಂದೆ ಹಕ್ಕಿಯ ಹಾಗೆಯೇ ನಂಬಿತು. ನಾವು ಕುಣಿದಾಡಿದೆವು. 'ಮುತ್ಯಾ, ಇದನ್ನ ನಿಮ್ಮ ಹೆಸರು ಹಾಕಿ ಇಡ್ತೀವಿ, ಇಡೀ ದುನಿಯಾ ಕೇಳ್ತದ' ಎಂದೆ.

ಅವರು ನಗಲಿಲ್ಲ. 'ಹೆಸರು ಬ್ಯಾಡ ತಮ್ಮಾ. ನಮ್ಮ ಹೆಸರು ಬರಕೊಂಡು ಹೋದವರು ಮತ್ತ ಬಂದಾಗ ಬೇಡಿ ತಂದಾರ' ಎಂದರು.

ಆಮೇಲೆ ಕೂತು ಯೋಚಿಸಿದಾಗ ಆ ಮಾತಿನ ಬೇರು ಎಷ್ಟು ಆಳದ್ದು ಎಂದು ತಿಳಿಯಿತು. ಬ್ರಿಟಿಷರು ೧೮೭೧ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಪಾರ್ಧಿಗಳಂಥ ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ ದಾರಿ ತೆರೆಯಿತು. ಅದರ ಮೊದಲ ಹತಾರ ಏನು? ರಿಜಿಸ್ಟರ್. ಹೆಸರು, ಹೆಬ್ಬೆಟ್ಟು, ಹಾಜರಿ. ಸ್ವತಂತ್ರ ಭಾರತ ೧೯೫೨ರಲ್ಲಿ ಅದನ್ನು ರದ್ದು ಮಾಡಿದ ಮೇಲೂ ಪೋಲಿಸರ ಅನುಮಾನ ರದ್ದಾಗಲಿಲ್ಲ. ೧೯೭೨ರ ವನ್ಯಜೀವಿ ಕಾಯ್ದೆ ಅವರ ಕಸುಬನ್ನೇ ಅಪರಾಧ ಮಾಡಿತು. ಹಳೆ ಮೈಸೂರು ಕಡೆಯ ಹಕ್ಕಿಪಿಕ್ಕಿಗಳದೂ ಇದೇ ಕಥೆ. ಕುಲದ ಹೆಸರಿನಲ್ಲೇ ಹಕ್ಕಿ ಇರುವ ಜನ ಹಕ್ಕಿ ಬಿಟ್ಟು ಎಣ್ಣೆ, ಬೇರು ಮಾರುತ್ತ ದೇಶ ದಾಟಿದರು. ೨೦೨೩ರಲ್ಲಿ ಸುಡಾನಿನ ಯುದ್ಧದಲ್ಲಿ ಸಿಕ್ಕಿಬಿದ್ದಾಗ ನಮ್ಮ ಪೇಪರುಗಳಿಗೆ ಅವರ ನೆನಪಾಯಿತು.

ಕಾಯ್ದೆ ಬೇಡ ಎಂದು ನಾನು ಹೇಳುತ್ತಿಲ್ಲ. ಹಕ್ಕಿಗೂ ಬದುಕುವ ಹಕ್ಕಿದೆ. ಬಯಲಿನ, ಹುಲ್ಲುಗಾವಲಿನ ಹಕ್ಕಿಗಳು ದೇಶದಲ್ಲಿ ವೇಗವಾಗಿ ಕಡಿಮೆಯಾಗುತ್ತಿವೆ ಎಂದು ೨೦೨೩ರ ಆ ವರದಿಯೇ ಹೇಳುತ್ತದೆ. ಆದರೆ ಗಾಯರಾಣ ಉತ್ತು, ಔಷಧಿ ಹೊಡೆದು, ಹುಲ್ಲಿಗೆ ಪ್ಲಾಟು ಹಾಕಿದವರ ಹೆಸರು ಯಾವ ರಿಜಿಸ್ಟರಿನಲ್ಲಿದೆ? ಕುದುರೆಬಾಲದ ಕೂದಲಿನ ಉರುಲಿಗೆ ಮಾತ್ರ ಕೇಸು. ಕಾನೂನಿಗೂ ಮೇಲುಕೀಳು ಇದ್ದೇ ಇದೆ. ನಮಗೂ ಶೆಡ್ಯೂಲು, ಹಕ್ಕಿಗಳಿಗೂ ಶೆಡ್ಯೂಲು! ಅದೇ ಕಾಯ್ದೆಯ ಐದನೇ ಶೆಡ್ಯೂಲಿನಲ್ಲಿ ಇಲಿ, ಬಾವಲಿಗಳ ಜೊತೆ ಕಾಗೆಯನ್ನು ಐವತ್ತು ವರ್ಷ 'ಪೀಡೆ' ಎಂದು ಬರೆದಿಟ್ಟಿದ್ದರು. ೨೦೨೨ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ತಿಥಿಯ ದಿನ ಪಿಂಡ ಇಟ್ಟು ಕೈಮುಗಿದು ಕರೆಯುವುದೂ ಅದೇ ಕಾಗೆಯನ್ನು.

ಹೀಗೆ ಒಂದೇ ಸಾಲು, ತೋರಿಸಿದವರು ಎಂಬ ಸಾಲು, ನಮ್ಮ ಆಯಿಗೆ ಮಾನ, ಆ ಮುತ್ಯಾನಿಗೆ ಭಯ. ಬರೆದರೆ ನಾವು ಪೋಲಿಸರ ರಿಜಿಸ್ಟರಿಗೆ ಇನ್ನೊಂದು ಹಾಳೆ ಜೋಡಿಸಿದ ಹಾಗೆ. ಬರೆಯದಿದ್ದರೆ ಹ್ಯೂಮ್ ಮಾಡಿದ್ದನ್ನೇ ಮಾಡಿದ ಹಾಗೆ: ಗಂಟಲು ಅವರದು, ಪುಟ ನಮ್ಮದು. 'ಕಮಠಾಣದ ಒಬ್ಬರು' ಎಂದು ಬರೆಯೋಣ ಎಂದ ಒಬ್ಬ ಗೆಳೆಯ. ಕೌಜುಗನ ಹಾಗೆ ಕೂಗಬಲ್ಲ ಒಬ್ಬರು ಯಾರೆಂದು ಠಾಣೆಯವರಿಗೆ ತಿಳಿಯದೇ? ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸು ಒಮ್ಮೆ ಕೊಟ್ಟರೆ ವಾಪಸ್ ಪಡೆಯಲು ಬರುವುದಿಲ್ಲ. ನಮ್ಮ ಪುಟದಿಂದ ನಾವು ತೆಗೆಯಬಹುದು, ಅಷ್ಟರಲ್ಲಿ ನಕಲು ಮಾಡಿಕೊಂಡವರ ಕೈಯಿಂದ ತೆಗೆಯಲಾಗದು. ಹಂಚುವುದು ಯಾವಾಗಲೂ ಪುಣ್ಯ ಎಂದು ತಿಳಿದ ನಮ್ಮಂಥ ಓದಿದ ಹುಡುಗರಿಗೆ ಇದು ಹೊಳೆಯುವುದು ತಡ. ಹಂಚುವವನು ಯಾರ ಬುತ್ತಿ ಬಿಚ್ಚುತ್ತಿದ್ದಾನೆ ಎಂಬುದೇ ಮುಖ್ಯ. ನನ್ನ ಕವಿತೆಯನ್ನು ನಾನು ಊರಿಗೆಲ್ಲ ಹಂಚಬಹುದು. ಇನ್ನೊಬ್ಬರ ಹೊಟ್ಟೆಪಾಡಿನ ಗುಟ್ಟನ್ನು ಜ್ಞಾನದ ಹೆಸರಿನಲ್ಲಿ ಹಂಚುವ ಅಧಿಕಾರ ನನಗೆ ಯಾರು ಕೊಟ್ಟರು? ನಾನೂ ಕೇರಿಯವನೇ ಎಂಬುದು ಅದಕ್ಕೆ ಸನದು ಆಗುವುದಿಲ್ಲ. ಊರಿಗೂ ಕೇರಿಗೂ ನಡುವೆ ಇರುವಂಥದೇ ಒಂದು ಬದು ಕೇರಿಗೂ ಆ ಗುಡಾರಗಳಿಗೂ ನಡುವೆ ಇದೆ. ಅಲ್ಲಿಗೆ ಫೋನು ಹಿಡಿದು ಹೋದಾಗ ನಾನೇ ಊರು.

ದೊಡ್ಡ ಭಂಡಾರಗಳು ಕಳ್ಳಬೇಟೆಗೆ ಹೆದರಿ ಅಪರೂಪದ ಹಕ್ಕಿಗಳ ಗೂಡಿನ ಜಾಗವನ್ನು ಮುಚ್ಚಿಡುತ್ತವೆ. ಇ-ಬರ್ಡ್‌ನಲ್ಲಿ ಅಂಥದ್ದೊಂದು ಪಟ್ಟಿಯೇ ಇದೆ. ಸರಿಯಾದದ್ದೇ. ಹಕ್ಕಿಯ ವಿಳಾಸ ಹೇಳಬಾರದೆಂದು ಒಪ್ಪುವ ಜನ, ಮನುಷ್ಯನ ವಿಳಾಸದ ಬಗ್ಗೆಯೂ ಅಷ್ಟೇ ಯೋಚಿಸಬೇಕಲ್ಲವೇ? ೨೦೦೨ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರೂರಿನ ತಿಳಿವಳಿಕೆಯನ್ನು ಜನರಿಂದಲೇ ಕೇಳಿ ಬರೆಯುವ ಜನತಾ ಜೀವವೈವಿಧ್ಯ ದಾಖಲಾತಿ ಎಂಬುದೊಂದಿದೆ. ಮಾಧವ ಗಾಡ್ಗೀಳರಂಥವರು ಪ್ರೀತಿಯಿಂದ ಕಂಡ ಕನಸು ಅದು. ೨೦೨೦ರ ಜನವರಿ ೩೧ರೊಳಗೆ ಮುಗಿಸಿರಿ ಎಂದು ಹಸಿರು ನ್ಯಾಯಮಂಡಳಿ ಗಡುವು ಹಾಕಿತು. ಗಡುವು ಹಾಕಿ ಬರೆಸಿದ ದಾಖಲೆಯಲ್ಲಿ 'ನಿಮ್ಮ ಹೆಸರು ಬರೆಯಲೇ, ಬೇಡವೇ' ಎಂದು ಕೂತು ಕೇಳುವ ಪುರಸೊತ್ತು ಯಾರಿಗಿರುತ್ತದೆ?

ನಾವು ಮಾಡಿಕೊಂಡಿರುವುದು ಸಣ್ಣದು. ಹೇಳಿದವರಿಗೆ ಅವರ ಭಾಷೆಯಲ್ಲಿ ಓದಿ ಹೇಳದೆ ಯಾವ ಪುಟವೂ ಹೊರಗೆ ಹೋಗುವುದಿಲ್ಲ. ಹೆಸರು, ಅಡ್ಡಹೆಸರು, ಖಾಲಿ, ಮೂರರಲ್ಲಿ ಯಾವುದೆಂದು ಅವರೇ ಹೇಳಬೇಕು. ಖಾಲಿ ಎಂದರೆ ಆ ಸಾಲನ್ನು ಅಳಿಸುವುದಿಲ್ಲ, ಖಾಲಿಯಾಗಿಯೇ ಬಿಡುತ್ತೇವೆ, ಇಲ್ಲಿ ಒಬ್ಬರಿದ್ದಾರೆ ಎಂದು ಓದುವವರಿಗೆ ಗೊತ್ತಾಗಲಿ ಎಂದು. ಹಿಡಿಯುವ ರೀತಿ, ಉರುಲಿನ ಗಂಟು, ಹಕ್ಕಿ ಮಲಗುವ ಜಾಗ ಬರೆಯುವುದಿಲ್ಲ. ಇದರಿಂದ ಭಂಡಾರ ಬಡವಾಗುತ್ತದೆ ಎಂದು ಹೈದರಾಬಾದಿನಿಂದ ಬಂದಿದ್ದ ಪಕ್ಷಿಪ್ರೇಮಿಯೊಬ್ಬರು ಬೇಸರಪಟ್ಟರು. ಆಗಲಿ.

ಕೌಜುಗದ ಪುಟದಲ್ಲಿ ಈಗ ಎರಡು ಫೋಟೊ ಇವೆ. ಕನ್ನಡದ ಹೆಸರು ಇದೆ, ದಖನಿಯ ತೀತರ್ ಇದೆ. ಪಾರ್ಧಿಗಳ ಮಾತಿನ ಹೆಸರಿನ ಜಾಗ, ದನಿಯ ಜಾಗ, ತೋರಿಸಿದವರ ಸಾಲು ಮೂರೂ ಖಾಲಿ. ಮುತ್ಯಾ ಕೂಗಿದ ದನಿ ನನ್ನ ಗೆಳೆಯನ ಫೋನಿನಲ್ಲೇ ಇದೆ, ಇನ್ನೊಬ್ಬರಿಗೆ ಕಳಿಸಿಲ್ಲ. ಕಬ್ಬಿನ ಸುಗ್ಗಿ ಮುಗಿದ ಮೇಲೆ ಅವರ ಗುಡಾರ ಮತ್ತೆ ಇತ್ತ ಬರುತ್ತದಂತೆ. ಬಂದಾಗ ಕೇಳಬೇಕು, ಇಡೋದೋ ಅಳಿಸೋದೋ ಅಂತ.